ಅಕ್ಕ ಹೆಚ್ಚಬೇಕಾದ ಕುಂಬಳಕಾಯಿ

ಜಗಲಿಯ ಮೇಲೆ ಈರುಳ್ಳಿಯಿಟ್ಟು ಗುಂಡುಕಲ್ಲಿನಿಂದ ಮೂರನೆಯ ಏಟು ಹಾಕಿದೆ. ಅದು ಒಡೆಯುವ ಬದಲು ಪುಟಿದು, ಆಗಷ್ಟೇ ಮೆಟ್ಟಿಲು ಹತ್ತುತ್ತಿದ್ದ ಪರಂಜ್ಯೋತಿಯ ಮೊಣಕಾಲಿಗೆ ಬಡಿದು, ಉರುಳಿಕೊಂಡು ಹೋಗಿ ಚರಂಡಿಗೆ ಬಿತ್ತು.

"ಇದು ಇವತ್ತಿನ ಎಷ್ಟನೇದು ಮೇಡಂ?" ಎಂದು ಅವನು ಪ್ಯಾಂಟು ಒರೆಸಿಕೊಂಡ.

"ಎರಡನೇದು. ಮೊದಲನೇದು ಸಾರಿಗೆ ಹೋಯ್ತು, ಸಿಪ್ಪೆ ಸಮೇತ."

ಪರಂಜ್ಯೋತಿ ಬಸ್‌ಸ್ಟ್ಯಾಂಡಿನ ಎದುರು ಹೊಸದಾಗಿ ತೆರೆದಿದ್ದ ಉಪಕರಣ ಕಚೇರಿಯವನು. ಹೊರಗಿನಿಂದ ಬಂದವನಾದ್ದರಿಂದ ಅವನಿಗೆ ನಮ್ಮೂರಿನ ಎಲ್ಲದರ ಮೇಲೂ ಕನಿಕರ. ಕೇಳದೆಯೇ ಜಗಲಿಯ ಅಂಚಿಗೆ ಕೂತು, ಕಚೇರಿ ಊರಿಗೆಲ್ಲ ಎರವಲು ಕೊಡುತ್ತಿದ್ದ ಟೂಲೊಂದನ್ನು ಜೇಬಿನಿಂದ ತೆಗೆದು ನನ್ನ ಮುಂದೆ ಬಿಚ್ಚಿದ. ಮಡಚಿದರೆ ಬೆಂಕಿಪೊಟ್ಟಣಕ್ಕಿಂತ ಎರಡು ಬೆರಳು ಉದ್ದ. ಬಿಚ್ಚಿದರೆ ನಡುವೆ ಇಕ್ಕಳ. ಇಕ್ಕಳದ ಎರಡು ಕಾಲುಗಳ ಒಳಗಿನಿಂದ ದೊಡ್ಡ ಅಲಗು, ಸಣ್ಣ ಅಲಗು, ಗರಗಸ, ಅರ, ಕತ್ತರಿ, ಸ್ಕ್ರೂಡ್ರೈವರು, ಡಬ್ಬಿ ತೆಗೆಯುವ ಕೊಕ್ಕೆ. ಪ್ರತಿಯೊಂದೂ ಹೊರಬಂದು ಟಕ್ಕೆಂದು ತನ್ನ ಜಾಗದಲ್ಲಿ ಕೂರುತ್ತಿತ್ತು. ನಾನು ಹಗ್ಗದಂಗಡಿಯವಳು, ದಿನವಿಡೀ ನಾಲ್ಕಾರು ಜನರ ಚಾಕು ನೋಡುವವಳು. ಇದು ಒಳ್ಳೆಯ ಅಲಗು ಎಂದು ಒಪ್ಪಿಕೊಳ್ಳಲೇಬೇಕು.

"ಇದು ಯಾವತ್ತೂ ನಿಮ್ಮದಾಗಲ್ಲ ಮೇಡಂ. ಕಚೇರಿಯದೇ. ಕಾಗದದಲ್ಲಿ ಬರೆದಿದೆ ನೋಡಿ. ಹಾಗಾಗಿ ನಿಮ್ಮ ಈರುಳ್ಳಿ ನೀವೇ ಹೆಚ್ಕೋಬಹುದು. ಯಾರ ಮನೆ ಬಾಗಿಲಿಗೂ ಹೋಗೋ ಅಗತ್ಯ ಇರಲ್ಲ."

"ಅದಕ್ಕೇ ಬೇಡ ಅಂತಿರೋದು."

"ಊರಲ್ಲಿ ತಗೊಳ್ಳದೇ ಇರೋರು ನೀವೊಬ್ಬರೇ."

"ಹಾಗಾದ್ರೆ ನಿಮ್ಮ ಕೆಲ್ಸ ಹೆಚ್ಚೂಕಮ್ಮಿ ಮುಗೀತಲ್ಲ. ಏಳಿ, ಕಲ್ಲು ಕೈಜಾರಿದ್ರೆ ಕಷ್ಟ."

ನಮ್ಮೂರಿನಲ್ಲಿ ಚಾಕು ತನ್ನ ಒಡೆಯರ ವಸ್ತುವನ್ನು ಕೊಯ್ಯುವುದಿಲ್ಲ. ನನ್ನ ಚಾಕು ನಿಮ್ಮ ತೆಂಗಿನ ಹಗ್ಗವನ್ನು ಒಂದೇ ಎಳೆತಕ್ಕೆ ತುಂಡು ಮಾಡುತ್ತದೆ. ನನ್ನ ಬಾಳೆಹಣ್ಣಿನ ಮೇಲೆ ಚಮಚದ ಹಾಗೆ ಜಾರುತ್ತದೆ. ಹತ್ತು ವರ್ಷ ತುಂಬಿದ ದಿನ ಮಕ್ಕಳ ಕೈಗೆ ಮಡಚುವ ಚಾಕು ಕೊಡುವಾಗ "ತಗೋ, ಇದು ಬೇರೆಯವರಿಗೆ" ಎಂದೇ ಹೇಳುತ್ತಾರೆ. ಗಂಡಸರು ಅಂಗಿಯ ಜೇಬಿನಲ್ಲಿ, ಹೆಂಗಸರು ಸೊಂಟದ ಕೊಕ್ಕೆಯಲ್ಲಿ ಸಿಕ್ಕಿಸಿಕೊಂಡಿರುತ್ತಾರೆ. ಭಾನುವಾರ ಸಾಣೆಕಲ್ಲು, ಕೀಲಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ. ದಾರಿಯಲ್ಲಿ ಎದುರಾದವರು "ಮಸ್ದಿದೀರಾ?" ಎಂದು ಕೇಳುತ್ತಾರೆ, "ಮಸ್ದಿದೀನಿ, ಬನ್ನಿ" ಎನ್ನುತ್ತೇವೆ. ನನ್ನ ಅಂಗಡಿಯಲ್ಲಿ ಗಿರಾಕಿ ಹಗ್ಗವನ್ನು ಅಳೆದು, ತನ್ನ ಚಾಕುವಿನಲ್ಲಿ ತಾನೇ ಕೊಯ್ದು, ಆಮೇಲೆ ದುಡ್ಡು ಕೊಡಬೇಕು. ಅವಸರಕ್ಕೆ ಮೊದಲೇ ದುಡ್ಡು ಕೊಟ್ಟವರು ಇಡೀ ಸುರುಳಿಯನ್ನು ಹಿಡಿದುಕೊಂಡು ಪೆಚ್ಚಾಗಿ ನಿಲ್ಲುತ್ತಾರೆ. ಆಗ ನಾನು ನನ್ನ ಚಾಕು ತೆಗೆಯುತ್ತೇನೆ. ಎರವಲು ಚಾಕುವಿನ ಉಪಾಯವನ್ನೂ ಜನ ಮಾಡಿ ನೋಡಿದ್ದಾರೆ. ನಾಲ್ಕು ದಿನ ಕೊಯ್ಯುತ್ತದೆ. ಆಮೇಲೆ ಕೈಗೆ ಒಗ್ಗಿ, ಇದು ನನ್ನದು ಅನ್ನಿಸಿ, ಅಲ್ಲಿಗೆ ಮುಗಿಯಿತು. ಕಾಗದದಲ್ಲಿ ಏನೇ ಬರೆದಿರಲಿ, ಚಾಕುವಿಗೆ ಓದು ಬರುವುದಿಲ್ಲ. ಟೂಲುಗಳು ಬಂದಾಗ ಇದನ್ನು ಯಾರೂ ನೆನೆಯಲಿಲ್ಲ, ನಾನೂ.

ನನ್ನ ತರಕಾರಿ ಹೆಚ್ಚುವವಳು ನನ್ನ ಅಕ್ಕ ಸರ್ವಮಂಗಳ. ಅವಳ ತರಕಾರಿ ಹೆಚ್ಚುವವಳು ನಾನು. ಅಪ್ಪ ಕಟ್ಟಿಸಿದ ಮನೆಯನ್ನು ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿಕೊಂಡಾಗ ಎರಡು ಅಡುಗೆಮನೆಗಳ ನಡುವೆ ಒಂದು ಕಿಟಕಿ ಬಿಟ್ಟಿದ್ದೆವು. ಕಟ್ಟೆ ನನ್ನ ಕಡೆಗೆ, ಕದ ಮತ್ತು ಚಿಲಕ ಅವಳ ಕಡೆಗೆ. ಅವಳು ರವಿಕೆ ಹೊಲಿಯುತ್ತಾಳೆ. ಗಿರಾಕಿಗಳ ಬಟ್ಟೆ ಅವಳ ಚಾಕುವಿಗೆ ಬೆಣ್ಣೆ. ದಾರ ಮಾತ್ರ ಅವಳದ್ದೇ ಆದ್ದರಿಂದ ಹಲ್ಲಿನಲ್ಲಿ ಕಚ್ಚಿ ಹರಿಯುತ್ತಾಳೆ. ಹಲ್ಲಿಗೆ ನಮ್ಮೂರಿನ ಕಟ್ಟುಪಾಡು ಇಲ್ಲ. ತನ್ನದು ಎಂಬುದಕ್ಕೆಲ್ಲ ಕೆಂಪು ದಾರದ ಗುರುತು ಕಟ್ಟುವುದು ಅವಳ ಚಿಕ್ಕಂದಿನ ಚಾಳಿ. ಲೋಟಕ್ಕೆ, ಛತ್ರಿಗೆ, ಬಾಚಣಿಗೆಗೆ. ಒಮ್ಮೆ ಬೀದಿಯ ಬೆಕ್ಕಿನ ಕಾಲಿಗೆ.

ನಾವು ಮಾತು ಬಿಟ್ಟು ಮೂರು ವರ್ಷವಾಗಿತ್ತು. ಕಾರಣ ಅಪ್ಪನ ಚಾಕು. ಹಗ್ಗದ ವ್ಯಾಪಾರಿಯ ಚಾಕು ಅದು: ಒಂದು ಅಲಗು, ಅದರ ಬೆನ್ನಿಗೆ ಬಿಗಿದ ಗಂಟು ಬಿಡಿಸುವ ಮೊನಚು ಕಡ್ಡಿ, ಸವೆದು ಜೇನಿನ ಬಣ್ಣ ಬಂದ ಕೊಂಬಿನ ಹಿಡಿ. ಯಾರಿಗೆ ಎಂದು ಹೇಳದೆ ಅಪ್ಪ ಹೋದರು. ಹನ್ನೊಂದನೆಯ ದಿನ ನೆಂಟರೆಲ್ಲ ಕೂತಿದ್ದಾಗ ಪರೀಕ್ಷೆಗಿಟ್ಟರು. ಅಕ್ಕನ ಈರುಳ್ಳಿಯ ಮೇಲೆ ಇಟ್ಟರೆ ಕೊಯ್ದಿತು. ನನ್ನ ಈರುಳ್ಳಿಯ ಮೇಲೆ ಇಟ್ಟರೂ ಕೊಯ್ದಿತು. ಅಂದರೆ ಅವಳದ್ದೂ ಅಲ್ಲ, ನನ್ನದೂ ಅಲ್ಲ; ಇನ್ನೂ ಅಪ್ಪನದ್ದೇ. ಯಾರೋ ನಕ್ಕರು. ಅಕ್ಕ ನನ್ನ ಕಡೆ ತಿರುಗಿ, "ನನಗೆ ಕೊಡ್ಬೇಡ ಅಂತ ನೀನೇ ಅಪ್ಪನ ಕಿವಿ ಊದಿರ್ತೀಯ" ಎಂದಳು. ನಾನು ಚಾಕುವನ್ನು ಎತ್ತಿ ಎಲ್ಲರಿಗೂ ತೋರಿಸಿದೆ. ಅದರ ಹಿಡಿಯ ತುದಿಯ ಬಳೆಗೆ ಕೆಂಪು ದಾರ ಇತ್ತು. "ಅಪ್ಪ ಉಸಿರಾಡ್ತಿರುವಾಗ್ಲೇ ಕಟ್ಟಿದಾಳೆ, ನೋಡ್ಕೊಳ್ಳಿ" ಎಂದೆ. ಹೇಳಿದ್ದು ನಿಜ. ಎಲ್ಲರ ಮುಂದೆ ಹೇಳಿದ್ದು ತಪ್ಪು. ನಿಜ ಹೇಳಿದ್ದೆನೆಂಬ ಜಂಬದಲ್ಲಿ ಆ ತಪ್ಪು ನನಗೆ ಬಹಳ ದಿನ ಕಾಣಲಿಲ್ಲ. ಚಾಕುವನ್ನು ಕಿಟಕಿಯ ಚೌಕಟ್ಟಿಗೆ, ಅವಳ ಕಡೆಯ ಮೊಳೆಗೆ ನೇತುಹಾಕಿದೆವು. ಮತ್ತೆ ಯಾರೂ ಮುಟ್ಟಲಿಲ್ಲ.

ಮಾತು ನಿಂತಿತು, ಹೆಚ್ಚುವುದು ನಿಲ್ಲಲಿಲ್ಲ. ಸಂಜೆ ಆರಕ್ಕೆ ಅವಳ ತಟ್ಟೆ ಈ ಕಡೆಗೆ, ನನ್ನ ತಟ್ಟೆ ಆ ಕಡೆಗೆ. ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದೆವು. ಅವಳಿಗೆ ಸಿಟ್ಟು ಬಂದ ದಿನ ನನ್ನ ಹುರುಳಿಕಾಯಿ ಬೆರಳುದ್ದ ಬರುತ್ತಿತ್ತು. ಮನಸ್ಸು ಹಗುರಾಗಿದ್ದ ದಿನ ಸಾಸಿವೆಯಷ್ಟು ಸಣ್ಣಗೆ. ನಾನು ಎರಡು ದಿನ ಬರೀ ಶುಂಠಿ ಇಟ್ಟಾಗ ಮೂರನೆಯ ದಿನ ತಟ್ಟೆಯ ಜೊತೆ ಕಷಾಯದ ಲೋಟ ಬಂತು, ಕೆಂಪು ದಾರದ ಲೋಟ. ಅದನ್ನು ತೊಳೆದು ವಾಪಸ್ಸು ಇಟ್ಟೆ. ಅಷ್ಟೇ. ಅಷ್ಟಿತ್ತು.

ಟೂಲುಗಳು ಬಂದ ಮೊದಲನೆಯ ವಾರದಲ್ಲೇ ಅಕ್ಕ ಒಂದನ್ನು ತಂದಳು. ಆ ಸಂಜೆ ಆರಕ್ಕೆ ನಾನು ಒಂದು ಇಡೀ ಸಿಹಿಗುಂಬಳ ಇಟ್ಟಿದ್ದೆ. ಕುಂಬಳಕಾಯಿಗೆ ಮೊದಲ ಏಟು ಗಂಡಸರೇ ಹಾಕಬೇಕೆಂಬ ಶಾಸ್ತ್ರ ಬೇರೆ ಊರುಗಳಲ್ಲಿ ಇದೆಯಂತೆ. ನಮ್ಮೂರಿನಲ್ಲಿ ಅಷ್ಟೆಲ್ಲ ಆರಿಸಿಕೊಳ್ಳಲು ಆಗುವುದಿಲ್ಲ. ಆ ಕಡೆಯಿಂದ ಟಕ್, ಟಕ್ ಎಂದು ಅಲಗು ಕೂರುವ ಸದ್ದು ಬಂತು, ಮಣೆಯ ಮೇಲೆ ಏನನ್ನೋ ಹೆಚ್ಚುವ ಸದ್ದು ಬಂತು. ಆಮೇಲೆ ಎರಡು ಕೈಗಳು ಬಂದು ಕದ ಎಳೆದುಕೊಂಡವು. ಚಿಲಕ ಬಿತ್ತು. ಅಪ್ಪನ ಚಾಕು ಅವಳ ಕಡೆ ಉಳಿಯಿತು, ಕುಂಬಳಕಾಯಿ ನನ್ನ ಕಡೆ.

ಅವತ್ತು ಅದರ ಮುಂದೆ ಕೂತು ತೀರ್ಮಾನ ಮಾಡಿದೆ. ಟೂಲು ತೆಗೆದುಕೊಂಡರೆ ನಾನು ಉಣ್ಣಬಹುದು, ಆದರೆ ಈ ಕದ ಇನ್ನು ತೆರೆಯುವುದಿಲ್ಲ. ಅಕ್ಕನಿಗೂ ನನಗೂ ನಡುವೆ ಉಳಿದಿದ್ದದ್ದು ಆ ತಟ್ಟೆಯೊಂದೇ. ಹಾಗಾಗಿ ಟೂಲು ತೆಗೆದುಕೊಳ್ಳುವುದಿಲ್ಲ, ಬೇರೆಯವರ ಹತ್ತಿರ ಹೆಚ್ಚಿಸಿಕೊಳ್ಳುವುದೂ ಇಲ್ಲ. ದಿನಾ ಆರಕ್ಕೆ ಕಟ್ಟೆಯ ಮೇಲೆ ನನ್ನ ತಟ್ಟೆ ಇಡುತ್ತೇನೆ, ಅವಳು ತೆರೆಯುವವರೆಗೂ.

ಹೆಚ್ಚದೆ ಬದುಕುವುದು ಅಷ್ಟೇನೂ ಕಷ್ಟವಲ್ಲ, ಅವಮಾನ ಜಾಸ್ತಿ. ಸೊಪ್ಪನ್ನು ಕೈಯಲ್ಲಿ ಹರಿದೆ, ಹುರುಳಿಕಾಯಿ ಮುರಿದೆ, ಟೊಮೇಟೊ ಹಿಚುಕಿದೆ, ಬದನೆಕಾಯಿಯನ್ನು ಇಡಿಯಾಗಿ ಸುಟ್ಟೆ. ಮೂಲಂಗಿಯನ್ನು ದನದ ಹಾಗೆ ಕಚ್ಚಿ ತಿಂದೆ. ಉಗುರನ್ನು ಒಗೆಯುವ ಕಲ್ಲಿಗೆ ಉಜ್ಜಿ ಸವೆಸಿದೆ. ಕುಂಬಳಕಾಯಿಯನ್ನು ಮಾತ್ರ ಮುಟ್ಟಲಿಲ್ಲ. ಎತ್ತಿಹಾಕಿದರೆ ಒಡೆಯುತ್ತದೆ, ಗೊತ್ತು. ಆದರೆ ಅದು ಅಕ್ಕ ಹೆಚ್ಚಬೇಕಾದದ್ದು. ಪ್ರತಿ ಸಂಜೆ ಅದರ ಧೂಳು ಒರೆಸಿ, ಪಕ್ಕದಲ್ಲಿ ತಟ್ಟೆ ಇಟ್ಟು, ನನ್ನ ಚಾಕುವನ್ನು ಸಾಣೆಕಲ್ಲಿಗೆ ಹಿಡಿಯುತ್ತಿದ್ದೆ. ಅವಳ ಬೆಂಡೆಕಾಯಿ ಈ ಕಡೆ ಬಂದ ದಿನ ಅಲಗು ಮೊಂಡಾಗಿರಬಾರದು.

ಎದುರುಮನೆಯ ಜೈತೂನ್‌ಬಿ ದಿನಾ ಒಂದು ಸಲ ಬಂದು ನನ್ನ ಒಲೆಯ ಮೇಲೆ ಏನಿದೆ ಎಂದು ಇಣುಕುತ್ತಿದ್ದಳು.

"ಇದೇನಿದು ದಾಕ್ಷಕ್ಕ, ಸಾಂಬಾರೊಳಗೆ ಇಡೀ ಆಲೂಗಡ್ಡೆ ಈಜ್ತಾ ಇದೆ? ಕೊಡಿ ಇಲ್ಲಿ, ಎರಡು ನಿಮಿಷದ ಕೆಲ್ಸ."

"ಬೇಡ ಬೂಬಮ್ಮ. ನನ್ನದು ಹೆಚ್ಚೋಳು ಇದಾಳೆ."

"ಇದಾಳೆ, ಗೋಡೆ ಆ ಕಡೆ ಟೂಲ್ ಹಿಡ್ಕೊಂಡು ಬೀನ್ಸ್ ಪಲ್ಯ ಮಾಡ್ಕೊಂಡು ತಿಂತಾ ಇದಾಳೆ. ನಿಮ್ಮನ್ನ ನೋಡಿದ್ರೆ ನಗು ಬರುತ್ತೆ ನನಗೆ."

"ನಗಿ. ನಕ್ಕರೆ ನನ್ನ ಮೂಲಂಗಿ ಏನೂ ಕರಗಲ್ಲ."

ಅವಳು ನಕ್ಕಳು, ಆಮೇಲೆ ನಿಲ್ಲಿಸಿದಳು. "ಒಂದ್ ಹೇಳ್ಲಾ? ನಮ್ಮ ಬೀದಿಲಿ ಸಾಯಂಕಾಲ ಈಗ ಯಾರೂ ಯಾರ ಬಾಗಿಲೂ ತಟ್ಟಲ್ಲ. ಮೊನ್ನೆ ನನ್ನ ತಂಗಿ ಮಗಳಿಗೆ ಗಂಡು ಹುಟ್ಟಿರೋದನ್ನ ಪೋಸ್ಟ್‌ಮ್ಯಾನ್ ಬಂದು ಹೇಳಿದ. ಎರಡು ಬೀದಿ ಆಚೆ ಇರೋ ಮನೆ." ತನ್ನ ಟೂಲನ್ನು ಸೊಂಟದಿಂದ ತೆಗೆದು ತೋರಿಸಿದಳು. ಅದಕ್ಕೆ ಕನ್ನಡಿ ಹಚ್ಚಿದ ಪುಟ್ಟ ಚೀಲ ಹೊಲಿದಿದ್ದಳು. "ಚೆನ್ನಾಗಿದೆ ಅಲ್ವಾ? ನಾನೇ ಹೊಲ್ದಿದ್ದು."

ಮಾರನೆಯ ದಿನ ಅದು ಅವಳ ನಿಂಬೆಹಣ್ಣನ್ನು ಕೊಯ್ಯಲಿಲ್ಲ.

ಆ ವಾರ ಊರಿನಲ್ಲಿ ಟೂಲುಗಳು ಒಂದೊಂದಾಗಿ ಸಾಯತೊಡಗಿದವು. ಹೆಸರು ಕೊರೆಸಿಕೊಂಡವರದ್ದು ಮೊದಲು, ಚೀಲ ಹೊಲಿದವರದ್ದು ಆಮೇಲೆ, ಎಲ್ಲಿಟ್ಟೆನೆಂದು ಅರ್ಧ ದಿನ ಹುಡುಕಿ ಸಿಕ್ಕಾಗ ಎದೆಗೆ ಒತ್ತಿಕೊಂಡವರದ್ದು ಅಲ್ಲೇ, ಆ ಕ್ಷಣವೇ. ಕಚೇರಿಯ ಮುಂದೆ ಬದಲಾಯಿಸಿಕೊಳ್ಳುವವರ ಸಾಲು. ಪರಂಜ್ಯೋತಿ ಬಾಗಿಲಿಗೆ ಒಂದು ಬೋರ್ಡು ಹಾಕಿದ: ಇದು ನಿಮ್ಮದಲ್ಲವೆಂದು ದಿನಕ್ಕೆ ಮೂರು ಬಾರಿ ಗಟ್ಟಿಯಾಗಿ ಹೇಳಿಕೊಳ್ಳಿ. ಜನ ಹೇಳಿಕೊಂಡರು ಕೂಡ. ಬೆಳಿಗ್ಗೆ ಬಾವಿಕಟ್ಟೆಯಲ್ಲಿ "ನನ್ನದಲ್ಲ, ನನ್ನದಲ್ಲ" ಎಂದು ಗೊಣಗುತ್ತ ಹೋಗುವವರನ್ನು ನಾನೇ ನೋಡಿದ್ದೇನೆ.

ಅಕ್ಕನದ್ದು ಎರಡನೆಯ ವಾರಕ್ಕೇ ನಿಂತಿತ್ತಂತೆ. ಜೈತೂನ್‌ಬಿ ಸಾಲಿನಲ್ಲಿ ಅವಳನ್ನು ಕಂಡಿದ್ದಳು. "ಟೂಲಿನ ಕಿವಿಗೆ ಕೆಂಪು ದಾರ ಕಟ್ಟಿದಾಳೆ. ಆ ಕಚೇರಿ ಮನುಷ್ಯ ಬಿಚ್ಚಿ ಅಂದ್ರೆ, ಬಿಚ್ಚಿದ್ರೆ ಯಾರದು ಅಂತ ಗೊತ್ತಾಗೋದು ಹೇಗೆ ಅಂತ ಅವನಿಗೇ ಕೇಳ್ತಾಳೆ!" ಅಕ್ಕ ಎರಡನೆಯದನ್ನು ತಂದಳು, ಮೂರನೆಯದನ್ನೂ ತಂದಳು. ಕದ ಮಾತ್ರ ತೆರೆಯಲಿಲ್ಲ. ಅವಳು ನನ್ನ ಅಕ್ಕ, ಹಟದಲ್ಲಿ ನನಗಿಂತ ಏಳು ವರ್ಷ ದೊಡ್ಡವಳು.

ಮೂವತ್ತನೆಯ ಸಂಜೆ ನಾನು ತಟ್ಟೆಯಿಟ್ಟು, ಮುಚ್ಚಿದ ಕದಕ್ಕೆ ಬಾಯಿ ಹತ್ತಿರ ತಂದು ಹೇಳಿದೆ: "ದಾರದ ವಿಷಯ ಅವತ್ತು ಎಲ್ಲರ ಮುಂದೆ ಹೇಳಬಾರದಿತ್ತು. ತಪ್ಪಾಯ್ತು." ಆ ಕಡೆ ಹೊಲಿಗೆ ಯಂತ್ರ ನಿಂತಿತು. ನಾನು ಕದಕ್ಕೆ ಕಿವಿಯಿಟ್ಟೆ. ಯಂತ್ರ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ಅಂದು ರಾಗಿ ಮುದ್ದೆಗೆ ಉಪ್ಪಿನಕಾಯಿ ನೆಂಚಿಕೊಂಡು ಊಟ ಮುಗಿಸಿದೆ. ಮಾರನೆಯ ಸಂಜೆ ಆರಕ್ಕೆ ಮತ್ತೆ ತಟ್ಟೆ ಇಟ್ಟೆ.

ನಲವತ್ತನೆಯ ದಿನವೂ ಹಾಗೆಯೇ ಇಟ್ಟು, ಸಾಣೆಕಲ್ಲಿಗೆ ನೀರು ಚಿಮುಕಿಸುತ್ತಿದ್ದೆ. ಚಿಲಕ ಸರಿದ ಸದ್ದಾಯಿತು. ಕದ ತೆರೆಯಿತು.

ಅಕ್ಕ ನಿಂತಿದ್ದಳು. ಮೂರು ವರ್ಷ ಅವಳ ಕೈ ಮಾತ್ರ ನೋಡಿದ್ದ ನನಗೆ ಅವಳ ಕಿವಿಯ ಹತ್ತಿರದ ಕೂದಲು ಬೆಳ್ಳಗಾಗಿರುವುದೇ ಗೊತ್ತಿರಲಿಲ್ಲ. ಅವಳು ಕುಂಬಳಕಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಬಡಕಲಾಗಿದೀಯ," ಎಂದಳು.

"ಜಗಿಯೋದು ಜಾಸ್ತಿ ಆಗಿದೆ."

"ಐದನೇದೂ ಸತ್ತೋಯ್ತು ಕಣೇ." ಅವಳು ನಗಲೂ ಇಲ್ಲ, ಅಳಲೂ ಇಲ್ಲ. "ಈ ಸಲ ದಾರ ಕಟ್ಲಿಲ್ಲ. ದೇವರಾಣೆ ಕಟ್ಲಿಲ್ಲ. ಕೈ ಕಟ್ಕೊಂಡು ಕೂತಿದ್ದೆ. ಆದ್ರೂ ಸತ್ತೋಯ್ತು. ನನಗೆ ಕೈಗೆ ಬಂದದ್ದು ನನ್ನದು ಅಂತ ಅನ್ನಿಸ್ಬಿಡುತ್ತೆ, ದಾಕ್ಷಿ. ಏನ್ ಮಾಡ್ಲಿ ನಾನು?"

ಅವಳು ಮೊಳೆಗೆ ಕೈಚಾಚಿ ಅಪ್ಪನ ಚಾಕುವನ್ನು ತೆಗೆದಳು. ಬಳೆಯ ಮೇಲಿನ ದಾರ ಬಣ್ಣ ಕಳೆದುಕೊಂಡು ಮಣ್ಣಿನ ಹಾಗಾಗಿತ್ತು.

"ನಿನ್ನೆ ಇದರಲ್ಲಿ ಬೆಂಡೆಕಾಯಿ ಹೆಚ್ಚಿದೆ. ಸರಸರ ಅಂತ ಹೋಯ್ತು. ಸಿಕ್ಕಿದ್ದೆಲ್ಲ ನನ್ನದಾಗುತ್ತೆ, ಇದೊಂದು ಮಾತ್ರ ಇಷ್ಟು ವರ್ಷ ಆದ್ರೂ ಆಗ್ಲಿಲ್ಲ ನೋಡು. ಒಂದೊಂದು ಕಾಯಿ ಹೆಚ್ಚುವಾಗ್ಲೂ, ನಿನ್ನದಲ್ಲ ನಿನ್ನದಲ್ಲ ಅಂತ ಅಪ್ಪ ಪಕ್ಕದಲ್ಲಿ ನಿಂತು ಹೇಳಿದ ಹಾಗಿತ್ತು. ನನ್ನ ಕೈಲಿ ಆಗಲ್ಲ." ಚಾಕುವನ್ನು ಮಡಚಿ, ಹಿಡಿ ನನ್ನ ಕಡೆಗೆ ಬರುವ ಹಾಗೆ ಕಟ್ಟೆಯ ಮೇಲೆ ಇಟ್ಟಳು. "ತಗೋ. ನಿನಗೆ ಬೇಕಿತ್ತಲ್ಲ? ಯಾರನ್ನೂ ಕೇಳ್ಬೇಕಾಗಿಲ್ಲ, ನಾನೇ ಕೊಡ್ತಾ ಇದೀನಿ. ನಿನ್ನದು ನೀನೇ ಹೆಚ್ಕೊಂಡು ಹೊಟ್ಟೆತುಂಬ ಉಣ್ಣು. ನಾನು ನಾಳೆ ಹೋಗಿ ಆರನೇದು ತರ್ತೀನಿ. ಈ ಕಟ್ಟೆ ಮೇಲೆ ತಟ್ಟೆ ಇಡೋದನ್ನ ಮಾತ್ರ ನಿಲ್ಸಿಬಿಡು. ತಂಗಿನ ಉಪವಾಸ ಕೆಡವಿದಾಳೆ ಅಂತ ಸಾಲಲ್ಲಿ ನಿಂತೋರೆಲ್ಲ ನನ್ನ ಮುಖಾನೇ ನೋಡ್ತಾರೆ. ಇದರಿಂದ ಇಬ್ಬರಿಗೂ ನೆಮ್ಮದಿ."

ಚಾಕು ನನ್ನ ಕೈಗೆ ಒಂದು ಗೇಣು ದೂರದಲ್ಲಿತ್ತು. ಹಿಡಿಯ ಮೇಲೆ ಅಪ್ಪನ ಹೆಬ್ಬೆರಳು ಸವೆಸಿದ ಗುಳಿ. ಅವತ್ತು ನಾನು ಹಟ ಹಿಡಿದಿದ್ದು ಇದಕ್ಕೇ, ನೆಂಟರ ಮುಂದೆ ಅಕ್ಕನ ಮಾನ ಕಳೆದದ್ದು ಇದಕ್ಕೇ. ಈಗ ಅವಳಾಗಿಯೇ ಕೊಡುತ್ತಿದ್ದಳು. ತೆಗೆದುಕೊಂಡರೆ ಅಪ್ಪನ ಚಾಕು ನನ್ನ ಮನೆಗೆ ಬರುತ್ತದೆ, ಕದ ಇನ್ನೊಂದು ಸಲ ಮುಚ್ಚುತ್ತದೆ. ಅದನ್ನು ತೆರೆಯುವುದಕ್ಕೆ ಆಮೇಲೆ ಇಬ್ಬರಿಗೂ ಕಾರಣ ಇರುವುದಿಲ್ಲ.

ಆಗ ಅವಳ ಕೈ ಕಂಡಿತು. ಮೂರು ವರ್ಷದಿಂದ ನೋಡುತ್ತ ಬಂದ ಕೈ, ಅದರ ಒಂದೊಂದು ಗೆರೆಯೂ ನನಗೆ ಗೊತ್ತು. ಹೆಬ್ಬೆರಳಿನ ಪಕ್ಕ ಬೂದುಬಣ್ಣದ ಕೆಸರು ಒಣಗಿತ್ತು, ಸಾಣೆಕಲ್ಲಿನ ಕೆಸರು. ಸೊಂಟದ ಕೊಕ್ಕೆಯಲ್ಲಿ ಅವಳ ಸ್ವಂತ ಚಾಕು ಇತ್ತು. ಕೀಲಿನ ಮೇಲೆ ಹೊಸ ಎಣ್ಣೆ ಮಿನುಗುತ್ತಿತ್ತು. ಟೂಲು ಹಿಡಿದು ಕದ ಮುಚ್ಚಿಕೊಂಡವಳು ಆ ಚಾಕುವನ್ನು ಯಾರ ತರಕಾರಿಗೆಂದು ಮಸೆಯುತ್ತಿದ್ದಳು?

ನಾನು ಎರಡೂ ಕೈಯಿಂದ ಕುಂಬಳಕಾಯಿಯನ್ನು ತಳ್ಳಿದೆ. ಅದು ಅಪ್ಪನ ಚಾಕುವನ್ನು ತನ್ನ ಮುಂದೆ ನೂಕಿಕೊಂಡು, ಕಟ್ಟೆಯನ್ನು ದಾಟಿ ಅವಳ ಎದೆಯ ಹತ್ತಿರ ಹೋಗಿ ನಿಂತಿತು.

"ಏನೇ ಇದು? ಚಾಕು ತಗೋ ಅಂದ್ನಲ್ಲ," ಎಂದಳು ಅಕ್ಕ.

"ಬೇಡ," ಎಂದೆ. "ಇದನ್ನ ಹೆಚ್ಕೊಡು, ನಿನ್ನ ತಟ್ಟೆ ಈ ಕಡೆ ಕೊಡು."